ಅರಸರು ಸುಣ್ಣ ಒರೆಸಿದ ಕಂಬ

ಕುಂದಾಪುರದಿಂದ ತೆಂಕಕ್ಕೆ ಹೊರಟ ಬಸ್ಸು ತೆಕ್ಕಟ್ಟೆಯ ತಿರುವಿನಲ್ಲಿ ಸೂರಪ್ಪ ಶೇರಿಗಾರನ ಅಂಗಡಿಯ ಜಗಲಿಗೆ ಒಮ್ಮೆ ಮೈ ತಿಕ್ಕದೆ ಮುಂದೆ ಹೋದದ್ದನ್ನು ಕಂಡವರಿಲ್ಲ. ಎಮ್ಮೆಗೆ ಕಂಬ ಹೇಗೋ ಆ ಬಸ್ಸಿಗೆ ಆ ಜಗಲಿ ಹಾಗೆ. ಇಲ್ಲಿ ಮೈ ತಿಕ್ಕಿ, ಎದುರು ಬದಿಯ ಪಾಂಡುವಿನ ಕಾಫಿ ಕ್ಲಬ್ಬಿನ ಮೆಟ್ಟಿಲಿಗೆ ಹಿಂದಿನ ಚಕ್ರ ತಾಗಿಸಿ, ಒಳಗಿದ್ದವರ ಬೈಗುಳ, ಹೊರಗಿದ್ದವರ ಬೈಗುಳ ಎರಡನ್ನೂ ಪಡೆದೇ ಅದು ಬ್ರಹ್ಮಾವರದ ದಾರಿ ಹಿಡಿಯುತ್ತಿತ್ತು.

ಸೂರಪ್ಪನ ಹಿರಿಯರು ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದವರು. ಅಪ್ಪನ ಕಾಲಕ್ಕೆ ವಾದ್ಯ ಅಟ್ಟ ಸೇರಿತು, ಬೆಲ್ಲ ಅವಲಕ್ಕಿ ಹೊಗೆಸೊಪ್ಪಿನ ವ್ಯಾಪಾರ ಶುರುವಾಯಿತು. ಆದರೆ ವಾದ್ಯ ಹೋದರೂ ಉಸಿರು ಹೋಗಲಿಲ್ಲ. ಆ ಮನೆತನದವರು ಒಂದು ಮಾತನ್ನು ಹಿಡಿದರೆಂದರೆ ಉಸಿರು ಪೂರ್ತಿ ಮುಗಿಯುವ ತನಕ ಬಿಡುವವರಲ್ಲ. ನಡುವೆ ನಿಲ್ಲಿಸುವುದು ಅವರ ಕೈಯಲ್ಲೂ ಇಲ್ಲ, ಕೇಳುವವರ ಕೈಯಲ್ಲೂ ಇಲ್ಲ. ಸೂರಪ್ಪನ ಬಾಳಿನ ತಾಪತ್ರಯಗಳೆಲ್ಲ ಹುಟ್ಟಿದ್ದು ಆ ಉಸಿರಿನ ಕೊನೆಯ ಭಾಗದಲ್ಲಿ.

ಸ್ವಾತಂತ್ರ್ಯ ಬಂದ ಮರುವರ್ಷ, ಒಂದು ಬೆಳಿಗ್ಗೆ, ರಸ್ತೆಯ ಓವರ್‌ಸಿಯರ್ ಇಬ್ಬರು ಆಳುಗಳಿಂದ ಸರಪಳಿ ಎಳೆಸುತ್ತ ಬಂದು ಸೂರಪ್ಪನ ಜಗಲಿಯ ಮುಂದೆ ನಿಂತ.

“ಸೂರಪ್ಪ, ರಸ್ತೆ ಅಗಲ ಮಾಡ್ಕ್ ಅಂದ್ಹೇಳಿ ಮೇಲಿಂದ ಆರ್ಡರ್ ಬಂದಿತ್ತ್. ಈ ತಿರುವಿನಗೆ ಒಂದ್ ಬದಿ ತೆಗೂಕೇ ಆಯ್ಕ್. ನಿಮ್ದಾ, ಪಾಂಡುಂದಾ, ಅಷ್ಟೇ.”

“ತೆಗುದ್ ಅಂದ್ರೆ ಎಷ್ಟ್?”

“ಜಗ್ಲಿ, ಎದ್ರಿನ ಕೋಣಿ, ಅದ್ರ ಹಂಚಿನ ಮಾಡ್.”

“ಮತ್ತೆ ಉಳುದ್ ಎಂತ?”

“ಹಿಂದಿನ ಬಾಗ್ಲ್ ಉಳಿತ್ತ್.”

ಸೂರಪ್ಪ ಉಸಿರೆಳೆದುಕೊಂಡ. ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಸರಸಳಿಗೆ ಆ ಸದ್ದು ಕೇಳಿಸಿತು. ಅವಳು ಮೊರ ಕೆಳಗಿಟ್ಟು ದೇವರನ್ನು ನೆನೆದಳು.

“ಈ ಜಗ್ಲಿ ಅಂದ್ರೆ ಎಂತ ಅಂದ್ಹೇಳಿ ಮಾಡಿದ್ರಿ ನೀವ್? ನಿಮ್ಮಂತವ್ರ್ ಸರಪಳಿ ಹಾಕಿ ಅಳೂಕೆ ಇದೆಂತ ಗದ್ದಿ ಹುಣಿಯಾ? ನಮ್ಮ್ ಅಜ್ಜನ ಅಜ್ಜ ಇಲ್ಲಿ ಕೂಕಂಡ್ ವ್ಯಾಪಾರ ಮಾಡಿದ್, ಅವ್ನ ಅಜ್ಜ ಮಾಡಿದ್, ಕೆಳದಿ ಅರಸ್ರ್ ಬಸ್ರೂರಿಗೆ ಹೋಪತಿಗೆ ಇದೇ ಜಗ್ಲಿ ಮೇಲೆ ಕೂಕಂಡ್ ಎಲಿ ತಿಂದ್ ಹೋದದ್ದ್. ಕಾಣಿ, ಕಂಬದಗೆ ಅವ್ರ್ ಸುಣ್ಣ ಒರ್ಸಿದ್ ಇನ್ನೂ ಇತ್ತ್. ಈ ತೂತ್ ಕಾಣಿ, ಯುದ್ಧದ ಗುಂಡ್ ತಾಗಿದ್.”

ಉಸಿರು ಅಲ್ಲಿಗೆ ಮುಗಿಯಿತು. ‘ಅಜ್ಜನ ಅಜ್ಜ’ ಎನ್ನುವ ತನಕ ತಾನು ಹೇಳುತ್ತಿರುವುದು ಏನೆಂದು ಸೂರಪ್ಪನಿಗೆ ಗೊತ್ತಿತ್ತು. ಆಮೇಲಿನದೆಲ್ಲ ಬಾಯಿಯೇ ಹೇಳಿದ್ದು. ಆದರೆ ಓವರ್‌ಸಿಯರ್ ನಗಲಿಲ್ಲ. ತಲೆಯ ಮೇಲಿನ ಹ್ಯಾಟು ತೆಗೆದು ಕಂಬದ ಸುಣ್ಣವನ್ನು ದಿಟ್ಟಿಸಿದ.

“ಹೌದಾ? ಪುರಾತನ ಕಟ್ಟಡ ಆರೆ ನಾವ್ ಮುಟ್ಟುಕಾಪುದಿಲ್ಲೆ. ಕಾಯ್ದೆ ಇತ್ತ್. ಒಂದ್ ಅರ್ಜಿ ಕೊಡಿ, ಕಾಂಬ.”

ತಾನು ಹೇಳಿದ ಸುಳ್ಳನ್ನು ಸರಕಾರವೇ ನಂಬಿದ ಮೇಲೆ ತಾನು ನಂಬದಿರುವುದು ಸರಕಾರಕ್ಕೆ ಮಾಡುವ ಅವಮಾನ ಎಂದು ಸೂರಪ್ಪನಿಗೆ ತೋರಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಪೂರ್ತಿ ನಂಬಿಬಿಟ್ಟಿದ್ದ. ಸಂಜೆ ಶಾಲೆ ಬಿಟ್ಟೊಡನೆ ಮಾಸ್ಟ್ರನ್ನು ಕರೆಸಿ ಅರ್ಜಿ ಬರೆಸಿದ. ಮಾಸ್ಟ್ರಿಗೂ ಇಂಥ ಅವಕಾಶ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ಅವರು ಸೂರಪ್ಪನ ಬೆಲ್ಲದ ಅಂಗಡಿಯನ್ನು ‘ಐತಿಹಾಸಿಕ ವಿಪಣಿ ಮಂದಿರ’ ಎಂದು ಕರೆದು, ಅದನ್ನು ‘ಸ್ಮಾರಕ’ವೆಂದು ಘೋಷಿಸಬೇಕೆಂದು ಬೇಡಿಕೊಂಡರು.

ಸುದ್ದಿ ರಸ್ತೆ ದಾಟಿ ಪಾಂಡುವಿನ ಕಾಫಿ ಕ್ಲಬ್ಬಿಗೆ ಹೋಗಲು ಎಷ್ಟು ಹೊತ್ತು ಬೇಕು? ಸೂರಪ್ಪನ ಅಂಗಡಿ ಉಳಿದರೆ ಹೋಗುವುದು ತನ್ನದೇ ಎಂದು ಪಾಂಡುವಿಗೆ ತಿಳಿಯಿತು. ಅವನೂ ಸುಮ್ಮನೆ ಕೂರುವ ಆಸಾಮಿಯಲ್ಲ. ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದು ಬಂದವನು. ಮರುದಿನ ಊರಿನವರು ಕಾಫಿಗೆಂದು ಬಂದು ನೋಡಿದರೆ ‘ನೂತನ ಕಾಫಿ ಕ್ಲಬ್’ ಎಂಬ ಹಲಗೆಯಲ್ಲಿ ‘ನೂತನ’ ಅಳಿಸಿ ‘ಪುರಾತನ’ ಎಂದು ಬರೆದಿತ್ತು.

“ಕಾಫಿಯೂ ಪುರಾತನವಾ ಪಾಂಡು?” ಎಂದು ದೇವು ಕೇಳಿದ. ದೇವು ತನ್ನ ದೋಣಿಯನ್ನು ಮಗನಿಗೆ ಒಪ್ಪಿಸಿ, ದಿನವಿಡೀ ಎರಡು ಜಗಲಿಗಳ ನಡುವೆ ಕಾಲ ಕಳೆಯುತ್ತಿದ್ದ ಮುದುಕ.

“ನಗಾಡ್ಬೇಡಿ ದೇವಣ್ಣ. ಅವ್ನ್ ಅಂಗ್ಡಿಗೆ ಕೆಳದಿ ಅರಸ್ರ್ ಬಂದಿರ್. ನಮ್ಮಲ್ಲಿಗೆ ಪಾಂಡವ್ರ್ ಬಂದಿರ್. ವನವಾಸದಗೆ ಭೀಮ ಒಲಿ ಹೂಡಿದ್ ಇದೇ ಜಾಗದಗೆ. ನನ್ ಹೆಸ್ರ್ ಪಾಂಡು ಅಂದ್ಹೇಳಿ ಸುಮ್ನೆ ಇಟ್ಟದ್ದಾ?”

ಅಲ್ಲಿಂದ ತೆಕ್ಕಟ್ಟೆಯಲ್ಲಿ ಹಿಂದೆಂದೂ ಕಾಣದ ಒಂದು ಪೈಪೋಟಿ ಸುರುವಾಯಿತು. ಲೋಕದ ವ್ಯಾಪಾರಿಗಳೆಲ್ಲ ಹಬ್ಬ ಬಂದರೆ ಅಂಗಡಿಗೆ ಸುಣ್ಣ ಬಳಿಯುತ್ತಾರೆ. ಇವರಿಬ್ಬರು ಸುಣ್ಣ ಕೆರೆಯತೊಡಗಿದರು. ಪಾಂಡು ಗೋಡೆಗೆಲ್ಲ ಒಲೆಯ ಮಸಿ ಬಳಿದ. ಸೂರಪ್ಪ ಬಾವಿಕಟ್ಟೆಯಿಂದ ಪಾಚಿ ಕೆತ್ತಿ ತಂದು ಜಗಲಿಯ ಕಲ್ಲುಗಳ ಸಂದಿಗೆ ಮೆತ್ತಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿ ಮಗುವಿನಂತೆ ಸಾಕಿದ. ಸರಸ ಜೇಡರ ಬಲೆ ಗುಡಿಸಲು ಹಿಡಿಸೂಡಿ ಎತ್ತಿದರೆ, “ಮುಟ್ಬೇಡ, ಅದ್ ಇತಿಹಾಸ” ಎಂದು ಗದರಿಸಿದ. ಇತಿಹಾಸ ಅವಲಕ್ಕಿಯ ಡಬ್ಬಿಯೊಳಕ್ಕೂ ಇಳಿಯಿತು. ಗಿರಾಕಿಗಳು ಗೊಣಗಿದರೂ ಅಂಗಡಿ ಬಿಟ್ಟು ಹೋಗಲಿಲ್ಲ. ಇಷ್ಟು ತಮಾಷೆ ಇನ್ನೆಲ್ಲಿ ಸಿಗಬೇಕು?

ಕಂಬದ ಸುಣ್ಣಕ್ಕೆ ಮಾತ್ರ ವಿಶೇಷ ಕಾವಲು. ಸೂರಪ್ಪ ಅದರ ಸುತ್ತ ಹಗ್ಗ ಕಟ್ಟಿ, ಯಾರೂ ಬೆರಳು ತಾಗಿಸಬಾರದೆಂದು ಕಟ್ಟಪ್ಪಣೆ ಮಾಡಿದ. ಎಂದಿನಂತೆ ಎಲೆ ಹಾಕಿಕೊಂಡು ಬಂದ ದೇವು ಹಗ್ಗ ನೋಡಿ ದಂಗಾದ.

“ಹ್ವಾಯ್ ಸೂರಪ್ಪ, ನಾನ್ ಸುಣ್ಣ ಒರ್ಸುದ್ ಎಲ್ಲಿ ಮಾರಾಯಾ?”

“ಬೇರೆ ಕಂಬಕ್ಕೆ ಒರ್ಸಿ ದೇವಣ್ಣ. ಇದ್ ಅರಸ್ರ್ ಸುಣ್ಣ.”

“ಯಾವ ಅರಸ್ರ್? ಅದ್ ನಂದೇ. ನಿನ್ನೆ ಒರ್ಸಿದ್. ಇನ್ನೂ ಸಮಾ ಒಣಗ್ಲಿಲ್ಲೆ.”

“ಮೇಲಿಂದ್ ನಿಮ್ದ್ ಆಯ್ಲಿಕ್ಕ್. ಅಡಿದ್ ಅರಸ್ರದ್ದೇ.”

ತಾನು ಇಷ್ಟು ವರ್ಷ ಅರಸರ ಜೊತೆ ಒಂದೇ ಕಂಬಕ್ಕೆ ಸುಣ್ಣ ಒರೆಸುತ್ತಿದ್ದೆನೆಂಬ ವಿಚಾರ ದೇವುವಿಗೆ ಇಷ್ಟವಾಯಿತು. ಸಂಜೆಯೊಳಗೆ ಅವನೇ ಬಸ್ಸು ಕಾಯುವವರಿಗೆಲ್ಲ ಕಂಬ ತೋರಿಸಿ ವಿವರಿಸತೊಡಗಿದ.

ಹೀಗಿರುವಾಗ ಓವರ್‌ಸಿಯರ್ ಸುದ್ದಿ ತಂದ. ಮದ್ರಾಸಿನ ಪುರಾತತ್ವ ಇಲಾಖೆಯ ಸಾಹೇಬರು ಬಾರ್ಕೂರಿನ ಹಳೆಯ ಕಲ್ಲುಗಳನ್ನು ನೋಡಲು ಬರುತ್ತಾರೆ. ಬರುವ ಶುಕ್ರವಾರ ಹಾಗೆಯೇ ತೆಕ್ಕಟ್ಟೆಗೂ ಬಂದು ಎರಡು ಅಂಗಡಿಗಳನ್ನೂ ಪರೀಕ್ಷಿಸುತ್ತಾರೆ. ಸೂರಪ್ಪ ಕುಣಿಯದೆ ಉಳಿದದ್ದು ಜಗಲಿಯ ಪಾಚಿ ಜಾರುತ್ತಿದ್ದ ಕಾರಣಕ್ಕೆ ಮಾತ್ರ. ಇಂಥ ದಿನ ಬಂಧುಗಳು ಇರಬೇಡವೇ? ಕೊಕ್ಕರ್ಣೆಯಲ್ಲಿ ಅವನ ಅಪ್ಪನ ತಂಗಿ ಬಾಗಿ ಇದ್ದಳು, ಆ ಮನೆತನದಲ್ಲಿ ಉಳಿದಿದ್ದ ಹಿರಿ ತಲೆ. ಅವನು ಬಸ್ಸಿನ ಕ್ಲೀನರ್ ಕುಷ್ಟನನ್ನು ನಿಲ್ಲಿಸಿ ಹೇಳಿದ:

“ಕುಷ್ಟ, ಕೊಕ್ಕರ್ಣಿ ಬಾಗಿ ಅತ್ತೆಗೆ ಒಂದ್ ಸುದ್ದಿ ಮುಟ್ಸ್. ಶುಕ್ರವಾರ ಸ್ಮಾರಕದ ಕೆಲ್ಸ ಇತ್ತ್, ಮನಿಯವ್ರೆಲ್ಲ ಬರ್ಕ್ ಅಂದ್ಹೇಳಿ.”

ಕುಷ್ಟ ನಂಬಿಕೆಯ ಹುಡುಗ. ನೆನಪಿನಲ್ಲಿ ಉಳಿದಷ್ಟನ್ನು ಒಂದಕ್ಷರ ಬಿಡದೆ ಮುಟ್ಟಿಸಿದ. “ತೆಕ್ಕಟ್ಟಿ ಸೂರಣ್ಣಂದ್ ಶುಕ್ರವಾರ ಸ್ಮಾರಕ ಅಂಬ್ರ್, ಎಲ್ಲ ಬರ್ಕಂಬ್ರ್” ಎಂದ. ಬಾಗಿ ಅತ್ತೆ ತನ್ನ ಜೀವಮಾನದಲ್ಲಿ ಆ ಶಬ್ದವನ್ನು ಒಂದೇ ಸಲ ಕೇಳಿದ್ದಳು. ಬ್ರಹ್ಮಾವರದ ಕಡೆ ಒಬ್ಬ ಹೆಡ್‌ಮಾಸ್ಟ್ರು ತೀರಿಕೊಂಡಾಗ ಅವರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿ ಅದನ್ನು ಸ್ಮಾರಕ ಎಂದಿದ್ದರು. ಸಾಯದವರಿಗೆ ಸ್ಮಾರಕವಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶುಕ್ರವಾರ ಬಂತು. ತೆಕ್ಕಟ್ಟೆಯ ತಿರುವಿನಲ್ಲಿ ಕಾಲಿಡಲು ಜಾಗವಿಲ್ಲ. ಮೀನಿನ ಹೆಂಗಸರು ಬುಟ್ಟಿ ಕೆಳಗಿಳಿಸಿ ಅಲ್ಲೇ ಕೂತರು. ಸೂರಪ್ಪ ಮಡಿ ಪಂಚೆ ಉಟ್ಟು, ಶಾಲು ಹೊದ್ದು, ಸಾಹೇಬರಿಗೆಂದು ತಂದ ಸೇವಂತಿಗೆ ಹಾರದ ಉದ್ದ ಸರಿಯಿದೆಯೇ ಎಂದು ತನ್ನ ಕೊರಳಿಗೇ ಹಾಕಿ ನೋಡುತ್ತಿದ್ದ. ಕಂಬದ ಬುಡದಲ್ಲಿ ಸರಸ ಊದುಬತ್ತಿ ಹಚ್ಚಿಟ್ಟಿದ್ದಳು. ಎದುರಿನಲ್ಲಿ ಪಾಂಡು ಮೂರು ಕಲ್ಲಿಗೆ ಕುಂಕುಮ ಹಚ್ಚಿ ‘ಭೀಮನ ಒಲೆ’ ಎಂದು ಹಲಗೆ ನಿಲ್ಲಿಸಿದ್ದ.

ಕಾರು ಬಂತು. ಇಳಿದವರು ಬಳ್ಳಾರಿ ಕಡೆಯವರು, ಶಾಂತ ಸ್ವಭಾವದ ದಪ್ಪ ಕನ್ನಡಕದ ಮನುಷ್ಯ. ಗಾಬರಿಯಲ್ಲಿ ಸೂರಪ್ಪ ಹಾರವನ್ನು ತನ್ನ ಕೊರಳಿನಿಂದ ತೆಗೆಯಲು ಮರೆತು, ಬರಿಗೈ ಮುಗಿದು, ಕೆಳದಿ ಅರಸರ ಕಥೆ ಆರಂಭಿಸಿದ. ಸಾಹೇಬರು ಕಿವಿಗೆ ಕೈ ಹಚ್ಚಿ ಕೇಳಿದರು.

“ಸ್ವಲ್ಪ ನಿಧಾನ ಹೇಳ್ರಿ. ನಿಮ್ಮ ಕಡೆ ಕನ್ನಡ ಭಾಳ ಓಡ್ತೈತೆ.”

“ನಾನ್ ಹೇಳ್ತೆ ಸ್ವಾಮಿ” ಎಂದು ಪಾಂಡು ರಸ್ತೆ ಹಾರಿ ಬಂದ. “ನಾಕ್ ಊರ್ ಕಂಡವ್ನ್ ನಾನ್. ಇವ್ರ್ ಹೇಳಿದ್ದೆಲ್ಲ ನಿಮ್ಗೆ ಪುಸ್ತಕದ ಕನ್ನಡದಲ್ಲಿ ಬಿಡಿಸಿ ಹೇಳ್ತೇನೆ.” ಕನ್ನಡದಿಂದ ಕನ್ನಡಕ್ಕೆ ದುಭಾಷಿ ಸಿಕ್ಕಿದ್ದಕ್ಕೆ ಸಾಹೇಬರು ವಂದನೆ ಹೇಳಿದರು.

ಆ ಹೊತ್ತಿಗೆ ಸರಿಯಾಗಿ ಬ್ರಹ್ಮಾವರದ ಕಡೆಯಿಂದ ಬಸ್ಸು ಬಂತು. ನಿಲ್ಲುವ ಮೊದಲೇ ಅದರಿಂದ ಒಂದು ಸ್ವರ ಹೊರಟಿತು. ಹೊಟ್ಟೆಯಾಳದಿಂದ ಎದ್ದು, ಎತ್ತರಕ್ಕೇರಿ, ಎಲ್ಲೂ ಮುರಿಯದೆ ನಿಂತ ಆ ಸ್ವರ ಕೇಳಿದೊಡನೆ ಸೂರಪ್ಪನಿಗೆ ಗುರುತು ಹತ್ತಿತು. ಅದು ತಮ್ಮ ಮನೆತನದ ಉಸಿರು. ಬಾಗಿ ಅತ್ತೆ ಬಿಳಿ ಸೀರೆ ಉಟ್ಟು ಇಳಿದಳು. ಅವಳ ಹಿಂದೆ ಕೊಕ್ಕರ್ಣೆಯ ಮನೆಮಂದಿಯೆಲ್ಲ ಕಣ್ಣೊರೆಸುತ್ತ ಇಳಿದರು. ಅತ್ತೆ ಜನರನ್ನು ಎಡಬಲಕ್ಕೆ ಸರಿಸಿ, ಕಣ್ಣು ಮುಚ್ಚಿಕೊಂಡೇ ಬಂದು, ಊದುಬತ್ತಿಯ ವಾಸನೆ ಹಿಡಿದು ಕಂಬವನ್ನು ತಬ್ಬಿಕೊಂಡಳು. ಅರಸರ ಸುಣ್ಣವೆಲ್ಲ ಅವಳ ಕೆನ್ನೆಗೆ ಹತ್ತಿತು.

“ಓ ಮಗಾ ಸೂರಾ, ನನ್ ಬಿಟ್ಟಿಕ್ಕಿ ಹೋದ್ಯಲ್ಲಾ ಮಗಾ...”

ಸಾಹೇಬರು ಟೊಪ್ಪಿ ತೆಗೆದರು. “ಯಾರು ತೀರ್ಕೊಂಡಾರೆ?” ಎಂದು ಮೆಲ್ಲಗೆ ಕೇಳಿದರು.

“ನಾನೇ ಅಂಬ್ರ್” ಎಂದ ಸೂರಪ್ಪ.

ಅವನು ಅತ್ತೆಯ ಭುಜ ಮುಟ್ಟಿದ. “ಅತ್ತೆ, ಇಲ್ಕಾಣಿ, ನಾನ್ ಬದ್ಕಿದ್ದೆ.” ಅತ್ತೆ ಕಣ್ಣು ಬಿಡದೆ ಅವನ ಕೈಯನ್ನು ಕೊಡವಿದಳು. “ಬಿಡಿ ಮಾರಾಯ್ರೆ, ಅಳೂಕಾರೂ ಬಿಡಿ” ಎಂದು ಮುಂದುವರಿಸಿದಳು. ನಮ್ಮ ಕಡೆಯ ಹೆಂಗಸರು ಸತ್ತವರ ಮುಂದೆ ಬರಿದೇ ಅಳುವುದಿಲ್ಲ, ಹೇಳಿ ಹೇಳಿ ಅಳುತ್ತಾರೆ. ಹುಟ್ಟಿದಂದಿನಿಂದ ಸತ್ತವರೆಗಿನದನ್ನೆಲ್ಲ ಸಾಲುಸಾಲಾಗಿ ಎತ್ತಿ ಆಡುತ್ತಾರೆ.

“ಈ ಅಂಗ್ಡಿ ಕಟ್ಟುವತಿಗೆ ನಿಂಗ್ ಮೂರ್ ವರ್ಷ ಅಲ್ದಾ ಮಗಾ. ಕೆಂಪ್ ಕಲ್ಲ್ ಹೊತ್ತ್ ಹೊತ್ತ್ ನನ್ ನೆತ್ತಿ ಕೂದ್ಲೆಲ್ಲ ಉದುರ್ತಲ್ದಾ ಮಗಾ...”

“ಏನಂತಾಳೆ ಆಯಮ್ಮ?”

ಪಾಂಡುವಿನ ಮುಖ ದೀಪ ಹಚ್ಚಿದಂತಾಯಿತು. “ಸ್ವಾಮಿ, ಈ ಅಂಗಡಿ ಕಟ್ಟುವಾಗ ಸೂರಣ್ಣನಿಗೆ ಮೂರು ವರ್ಷವಂತೆ. ಇದು ಕೆಳದಿ ಅರಸರ ಕಾಲದ್ದು ಹೌದಾದರೆ ಸೂರಣ್ಣನಿಗೆ ಈಗ ಮುನ್ನೂರರ ಹತ್ತಿರ ಆಯಿತು.”

ಸಾಹೇಬರು ಸೂರಪ್ಪನನ್ನು ನೋಡಿದರು. ಸೂರಪ್ಪ ಹಾರದೊಳಗೆ ಆದಷ್ಟು ಮುಖ ಮರೆಸಿಕೊಂಡ.

“ಕಂಬದ ತೂತಿಗೆ ಹಗ್ಗ ಸುರ್ದ್ ಎಮ್ಮಿ ಕಟ್ತಿದ್ದ ನಿನ್ ಅಪ್ಪಯ್ಯ, ಆ ಎಮ್ಮಿ ಹಾಯ್ದದ್ದಕ್ಕೆ ನೀ ಅಂಗ್ಳದಗೆ ಮೂತ್ರ ಹೊಯ್ಕಂಡ್ಯಲ್ಲಾ ಮಗಾ...”

“ಯುದ್ಧದ ಗುಂಡಲ್ಲ ಸ್ವಾಮಿ, ಎಮ್ಮೆ” ಎಂದು ಪಾಂಡು ಬಿಡಿಸಿ ಹೇಳಿದ. “ಮುಂದಿನದ್ದೂ ಹೇಳ್ಲಾ?”

“ಅದು ಬ್ಯಾಡ.”

ಜನ ಮುಂದೆ ಮುಂದೆ ಒತ್ತಿ ಬಂದು ಕೇಳುತ್ತಿದ್ದರು. ಮೀನಿನ ಹೆಂಗಸರಲ್ಲಿ ಇಬ್ಬರು ಅಭ್ಯಾಸಬಲದಿಂದ ಅಳುವುದಕ್ಕೂ ಸುರುಮಾಡಿದ್ದರು. ತನ್ನ ಮಾಡು ಕಣ್ಣೆದುರೇ ಹಂಚು ಹಂಚಾಗಿ ಇಳಿಯುತ್ತಿರುವಂತೆ ಸೂರಪ್ಪನಿಗೆ ಕಂಡಿತು. ಅತ್ತೆ ಒಂದು ಕ್ಷಣ ತಡೆದು, ಸ್ವರ ಬದಲಿಸಿ, ಮತ್ತೊಂದು ಸುತ್ತು ಎತ್ತಿಕೊಂಡಳು.

“ಎದ್ರ್ ಬದಿ ಮುಂಡ್ಕಿನ ಹಿಂಡ್ಲ್ ಬಿಟ್ರೆ ಎಂತ ಇತ್ತ್ ಮಗಾ. ಪಾಂಡುನ ಅಪ್ಪಯ್ಯ ಬಂದ್ ನಿನ್ ಅಪ್ಪಯ್ಯನ ಹತ್ರ ಗುದ್ಲಿ ಇಸ್ಕಂಡ್ ಹೋಯಿ ಗುಡ್ಸ್ಲ್ ಕಟ್ಟಿದ್ದ್ ಅಲ್ದಾ. ಆ ಗುದ್ಲಿ ಇವತ್ತಿಗೂ ತಿರ್ಗಿ ಬರ್ಲಿಲ್ಲೆ ಅಲ್ದಾ ಮಗಾ...”

ಪಾಂಡು ತನ್ನ ಕ್ಲಬ್ಬಿನ ಕಡೆ ತಿರುಗಿ ನಿಂತ.

“ಈಗ ಏನಂದ್ಳು?” ಎಂದರು ಸಾಹೇಬರು.

“ಬರೀ ಅಳ್ತಾ ಇದ್ದಾಳೆ ಸ್ವಾಮಿ.”

“ನಿಮ್ಮ ಹೆಸರು ಬಂದಂಗಿತ್ತು.”

“ಬೇರೆ ಪಾಂಡು ಇರ್ಬೇಕು.”

ಸೂರಪ್ಪನಿಗೆ ಜೀವ ಬಂತು. “ನಾನ್ ಹೇಳ್ತೆ ಸ್ವಾಮಿ” ಎಂದು ಅವನು ದುಭಾಷಿಯ ಹುದ್ದೆಯನ್ನು ವಹಿಸಿಕೊಂಡು, ಮುಂಡುಗದ ಪೊದೆಯನ್ನೂ ಗುಡಿಸಲನ್ನೂ ತಿರುಗಿ ಬಾರದ ಗುದ್ದಲಿಯನ್ನೂ ವಿವರವಾಗಿ ಬಿಡಿಸಿ ಹೇಳಿದ. ಭೀಮನ ಒಲೆ ಸಾಹೇಬರ ಕಣ್ಣೆದುರೇ ಮೂರು ಬರಿಯ ಕಲ್ಲಾಯಿತು. ಊರಿನವರು ಈಗ ಮುಚ್ಚುಮರೆಯಿಲ್ಲದೆ ನಗುತ್ತಿದ್ದರು. ಇನ್ನೇನು, ಎರಡು ಕಡೆಯ ಲೆಕ್ಕವೂ ಸಮವಾಯಿತು ಎನ್ನುವಾಗ ಅತ್ತೆ ಕೊನೆಯ ಉಸಿರೆಳೆದುಕೊಂಡಳು.

“ಎರಡ್ ಗಾಡಿ ಒಟ್ಟಿಗೆ ಹೋಪಂತ ರಸ್ತಿ ಇದ್ದಿತ್ತಲ್ಲಾ ಮಗಾ. ಒಂದ್ ರಾತ್ರಿ ನಿನ್ ಅಪ್ಪಯ್ಯ ರಸ್ತಿ ಮೇಲೆ ಜಗ್ಲಿ ಕಟ್ದ, ಮಾರ್ನೆ ರಾತ್ರಿ ಪಾಂಡುನ ಅಪ್ಪಯ್ಯ ಅವ್ನ್ ಜಗ್ಲಿ ಕಟ್ದ. ಸರ್ಕಾರದ ರಸ್ತಿ ನುಂಗಿದ್ರಲ್ಲಾ ಮಗಾ, ಇಬ್ರೂ ನುಂಗಿದ್ರಲ್ಲಾ...”

ಸಾಹೇಬರು ಸೂರಪ್ಪನ ಕಡೆ ತಿರುಗಿದರು. ಸೂರಪ್ಪ ಪಾಂಡುವಿನ ಕಡೆ ನೋಡಿದ. ಪಾಂಡು ಸೂರಪ್ಪನ ಕಡೆ ನೋಡಿದ. ಈ ಹುದ್ದೆ ಈಗ ಇಬ್ಬರಿಗೂ ಬೇಡವಾಗಿತ್ತು.

“ಬರೀ ಅಳ್ತಿದ್ಲ್” ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

“ಇದು ನನಗೇ ತಿಳೀತು” ಎಂದರು ಸಾಹೇಬರು.

ಓವರ್‌ಸಿಯರ್ ಆಗಲೇ ಕಂಕುಳಿನ ನಕ್ಷೆಯನ್ನು ಬಿಡಿಸಿ ನೆಲದ ಮೇಲೆ ಹರಡಿದ್ದ. “ಸರ್, ನಕ್ಷೆಯಲ್ಲಿ ರಸ್ತೆ ಅಗಲವಾಗಿಯೇ ಇದೆ. ನಾನು ನಕ್ಷೆಯೇ ತಪ್ಪು ಅಂದ್ಕೊಂಡಿದ್ದೆ.” ಆಳುಗಳು ಸರಪಳಿ ಹಿಡಿದರು. ಎರಡು ಜಗಲಿಗಳೂ, ಜಗಲಿಗಳು ಮಾತ್ರವೇ, ಸರಕಾರದ ಜಾಗದಲ್ಲಿ ಕುಳಿತಿದ್ದವು. ಅವೆರಡನ್ನು ತೆಗೆದರೆ ಬೇಕಾದಷ್ಟು ರಸ್ತೆ ಸಿಗುತ್ತದೆ. ಯಾರ ಕೋಣೆಯನ್ನೂ ಮುಟ್ಟಬೇಕಾಗಿಲ್ಲ, ಯಾರ ಮಾಡನ್ನೂ ಇಳಿಸಬೇಕಾಗಿಲ್ಲ.

ಸಾಹೇಬರು ಕನ್ನಡಕ ಒರೆಸಿ ಹಾಕಿಕೊಂಡು ತೀರ್ಪು ಕೊಟ್ಟರು. “ನೋಡ್ರಿ, ಇಲ್ಲಿ ಪುರಾತನ ಅನ್ನೋದು ಒಂದೇ ಒಂದು ಐತೆ. ಅದು ಈ ರಸ್ತೆ. ಅದನ್ನ ಕಾಪಾಡಬೇಕು, ನಿಮ್ಮಿಬ್ಬರಿಂದ.”

ನಗು ಎಷ್ಟು ಜೋರಾಗಿ ಎದ್ದಿತೆಂದರೆ ಬಾಗಿ ಅತ್ತೆ ಕಣ್ಣು ತೆರೆದಳು. ಹೆಣದ ಮನೆಯಲ್ಲಿ ನಗುವವರು ಯಾರೆಂದು ಸಿಟ್ಟಿನಿಂದ ತಿರುಗಿದರೆ, ಎದುರಿಗೇ ಸೂರಪ್ಪ, ಕೊರಳಲ್ಲಿ ಹಾರ.

“ನೀನ್ ಸಾಯ್ಲಿಲ್ಯಾ?”

“ಇಲ್ಲೆ ಅತ್ತೆ.”

ಅವಳು ಅವನ ಗಲ್ಲ, ಹೆಗಲು, ತೋಳು ಎಲ್ಲವನ್ನೂ ಒತ್ತಿ ಒತ್ತಿ ನೋಡಿದಳು. ಸುಣ್ಣ ಹತ್ತಿದ ಕೆನ್ನೆಯ ಮೇಲೆ ಮತ್ತೆ ನೀರಿಳಿಯಿತು. ಈ ಸಲ ಒಂದು ಮಾತೂ ಹೊರಡಲಿಲ್ಲ. ಆಮೇಲೆ ಕೈಯೆತ್ತಿ ಅವನ ಬೆನ್ನಿಗೆ ಒಂದು ಬಿಟ್ಟಳು.

“ಹಂಗಾರೆ ಗದ್ದಿ ನಟ್ಟಿ ಬಿಟ್ಟಿಕ್ಕಿ, ಹೊಳಿ ದಾಟಿ, ಅಷ್ಟೆಲ್ಲ ಅತ್ತದ್ದ್ ಎಂತಕ್ಕೆ ನಾನ್? ಊಟ ಆರೂ ಇತ್ತಾ ಇಲ್ಯಾ ಇಲ್ಲಿ?”

ಊಟ ಇತ್ತು. ಸರಸ ಸಾಹೇಬರಿಗೆಂದು ಮಾಡಿದ ಪಾಯಸ ಕೊಕ್ಕರ್ಣೆಯವರಿಗೆ ಸಾಲದಾದಾಗ ಪಾಂಡು ತನ್ನ ಕ್ಲಬ್ಬಿನ ದೋಸೆ ಹಿಟ್ಟನ್ನು ಹಂಡೆ ಸಮೇತ ಹೊತ್ತು ತಂದ. ಅವನಿಗೂ ಒಳಗೊಳಗೇ ಹಿಗ್ಗು. ಅಂಗಡಿ ಉಳಿಯಿತಲ್ಲ. ಸಾಹೇಬರು ಜಗಲಿಯ ಪಾಚಿಯ ಮೇಲೆ ಎರಡು ಸಲ ಜಾರಿ, ಮೂರನೆಯ ಸಲ ಅಲ್ಲೇ ಕೂತು, ಬಾಗಿ ಅತ್ತೆಯ ಬಗಲಲ್ಲಿ ಎಲೆ ಹಾಕಿಸಿಕೊಂಡು ಉಂಡರು.

“ನಿಮ್ದ್ ಎಂತ ಕೆಲ್ಸ ಮಾರಾಯ್ರೆ?” ಎಂದು ಅತ್ತೆ ವಿಚಾರಿಸಿದಳು.

“ಹಳೇ ವಸ್ತು ಎಲ್ಲೈತೆ ಅಂತ ಹುಡುಕಿಕೊಂಡು ಹೋಗೋದು, ತಾಯಿ.”

“ಹಂಗಾರೆ ಕೊಕ್ಕರ್ಣಿಗೇ ಬಪ್ಪುಕಾಗಿತ್ತ್. ನಾನ್ ಅಲ್ಲೇ ಇದ್ದಿದ್ದೆ.”

ಜಗಲಿಗಳನ್ನು ಒಡೆಯುವ ದಿನ ಮತ್ತೆ ಅದೇ ಜಾತ್ರೆ. ಓವರ್‌ಸಿಯರ್ ಪಿಕ್ಕಾಸು ಹಿಡಿದ ಆಳುಗಳೊಡನೆ ರಸ್ತೆಯ ನಡುವೆ ನಿಂತು, “ಯಾರ್ದ್ ಮೊದ್ಲ್?” ಎಂದು ಕೇಳಿದ. ಇಬ್ಬರೂ ಹಿಂದೆ ಸರಿಯುತ್ತಾರೆ, ಗೋಗರೆಯುತ್ತಾರೆ ಎಂದು ಅವನು ತಯಾರಾಗಿ ಬಂದಿದ್ದ.

“ನಮ್ದ್ ಮೊದ್ಲ್” ಎಂದು ಪಾಂಡು ಮುಂದೆ ಬಂದ.

“ಅದ್ ಹ್ಯಾಂಗೆ?” ಸೂರಪ್ಪ ಅವನನ್ನು ತೋಳಿನಿಂದ ತಡೆದ. “ಅತ್ತೆ ಹೇಳಿದ್ದ್ ಇಡೀ ಊರ್ ಕೇಂಡಿತ್ತ್. ನಮ್ಮ್ ಅಪ್ಪಯ್ಯ ಕಟ್ಟಿದ್ ಮೊದ್ಲ್, ನಿಮ್ಮ್ ಅಪ್ಪಯ್ಯ ಕಟ್ಟಿದ್ ಮಾರ್ನೆ ರಾತ್ರಿ. ನಮ್ದ್ ಒಂದ್ ರಾತ್ರಿ ಹಳತ್. ಹಳತ್ತಿಗೆ ಮೊದ್ಲ್ ಮರ್ಯಾದಿ.”

ಮಾಸ್ಟ್ರು ಹೌದೆಂದರು. ದೇವು ಹೌದೆಂದ. ಜನರೆಲ್ಲ ಹೌದೆಂದ ಮೇಲೆ ಪಾಂಡು ತನ್ನ ಜಗಲಿಗೆ ಹೋಗಿ ಕೂತ. ಸೂರಪ್ಪ ಶಾಲು ಸರಿಮಾಡಿಕೊಂಡು, “ಮುಟ್ಟಿ” ಎಂದು ಆಳುಗಳಿಗೆ ಅಪ್ಪಣೆ ಕೊಟ್ಟ. ಮೊದಲ ಏಟು ಬಿದ್ದಾಗ ಅವನ ಮುಖದಲ್ಲಿದ್ದ ಗತ್ತು ಯಾವ ಅರಸರಿಗೂ ಕಡಿಮೆಯಿರಲಿಲ್ಲ.

ಕತ್ತಲಾಗುವಾಗ ಅವನದು ಪೂರ್ತಿ ಇಳಿದಿತ್ತು. ಪಾಂಡುವಿನ ಜಗಲಿ ಒಂದು ರಾತ್ರಿ ಹೆಚ್ಚು ಬಾಳಿತು.